ಡ್ರಮ್ಮಿನ ಮೇಲೆ ಬರೆದ ಶ್ರೀರಂಗಪಟ್ಟಣ

ಹಳೆಯ ವಸ್ತುಗಳ ಹರಾಜಿನ ಪಟ್ಟಿಗಳಲ್ಲಿ ಬ್ರಿಟಿಷ್ ಪಲ್ಟನ್ನುಗಳ ಡ್ರಮ್ಮುಗಳಿಗೆ ಒಂದು ಖಾಯಂ ಜಾಗವಿದೆ. ಹಿತ್ತಾಳೆಯ ಮೈ, ಬಣ್ಣ ಬಳಿದ ಮರದ ಬಳೆಗಳು, ಅಡ್ಡಡ್ಡ ಬಿಗಿದ ಬಿಳಿ ಹಗ್ಗ, ಹಗ್ಗವನ್ನು ಎಳೆದು ಶ್ರುತಿ ಏರಿಸಲು ಚರ್ಮದ ಪಟ್ಟಿಗಳು. ಮುಂಭಾಗದಲ್ಲಿ ಕಿರೀಟ, ರಾಜಲಾಂಛನ, ಅದರ ಸುತ್ತ ಸುರುಳಿಗಳಲ್ಲಿ ಬಂಗಾರದ ಅಕ್ಷರಗಳು. ಅನೇಕರು ಇದನ್ನು ಕೊಂಡು, ಮೇಲೊಂದು ಗಾಜು ಹಾಕಿ ಕಾಫಿ ಟೇಬಲ್ ಮಾಡಿಕೊಳ್ಳುತ್ತಾರೆ. 'ಅಪರೂಪದ, ಅಲಂಕೃತ' ಎಂಬ ಎರಡು ವಿಶೇಷಣಗಳಲ್ಲಿ ಅದರ ಇತಿಹಾಸ ಮುಗಿದುಹೋಗುತ್ತದೆ. ಆದರೆ ಆ ಬಂಗಾರದ ಅಕ್ಷರಗಳನ್ನು ಯಾರಾದರೂ ಓದುತ್ತಾರೆಯೇ? ಕನ್ನಡಿಗರಂತೂ ಓದಲೇಬೇಕು. ಏಕೆಂದರೆ ಅಲ್ಲಿ ಬರೆದಿರುವ ಹೆಸರುಗಳಲ್ಲಿ ಒಂದು ನಮ್ಮ ಊರಿನದು: ಸೆರಿಂಗಪಟಂ.

ಬ್ರಿಟಿಷ್ ಸೇನೆಯಲ್ಲಿ ಡ್ರಮ್ಮಿನ ಚಿತ್ತಾರ ಕುಶಲಕರ್ಮಿಯ ಇಷ್ಟಕ್ಕೆ ಬಿಟ್ಟ ವಿಷಯವಾಗಿರಲಿಲ್ಲ. 1751ರ ರಾಜಾಜ್ಞೆಯೇ ಅದನ್ನು ನಿಗದಿಪಡಿಸಿತ್ತು: ಮುಂಭಾಗಕ್ಕೆ ಪಲ್ಟನ್ನಿನ ಬಣ್ಣ, ಅದರ ಮೇಲೆ ರಾಜನ ಮುದ್ರೆ ಮತ್ತು ಕಿರೀಟ, ಕೆಳಗೆ ಪಲ್ಟನ್ನಿನ ಸಂಖ್ಯೆ. ಮುಂದೆ ಗೆದ್ದ ಯುದ್ಧಗಳ ಹೆಸರುಗಳೂ ಸೇರಿಕೊಂಡವು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಹುತಾತ್ಮನಾದ ಮುತ್ತಿಗೆಯಲ್ಲಿ ಪಾಲ್ಗೊಂಡ 12ನೇ, 33ನೇ, 73ನೇ, 74ನೇ ಪಲ್ಟನ್ನುಗಳಿಗೆ 'ಸೆರಿಂಗಪಟಂ' ಎಂಬುದು ಯುದ್ಧ ಗೌರವವಾಯಿತು. 33ನೆಯದರ ಮುಖ್ಯಸ್ಥನಾಗಿದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿಕೊಂಡವನು. ನಮ್ಮ ಪಾಲಿಗೆ ಒಂದು ರಾಜ್ಯದ ಪತನ. ಅವರ ಪಾಲಿಗೆ ಒಂದು ಸುರುಳಿಯ ಮೇಲಿನ ಪದ.

ಈ ಪದಕ್ಕೂ ಬೆಂಗಳೂರಿನ ಕಂಟೋನ್ಮೆಂಟಿಗೂ ಇರುವ ನಂಟು ನೇರವಾದದ್ದು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಪಡೆ ಅಲ್ಲೇ ಬೀಡುಬಿಟ್ಟಿತು. ಅಲ್ಲಿನ ಜ್ವರ ತಾಳಲಾರದೆ 1809ರಲ್ಲಿ ಹಲಸೂರಿನ ಬಯಲಿಗೆ ಬಂತು. ಅಂದರೆ ಪರೇಡ್ ಮೈದಾನ, ಬ್ಲಾಕ್‌ಪಳ್ಳಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರ, ಹಲಸೂರಿನ ಬಜಾರು ಎಲ್ಲವೂ ಆ ಗೆಲುವಿನ ನೆರಳಿನಲ್ಲಿ ಬೆಳೆದವು. ಇಲ್ಲಿ ಹೊತ್ತು ಹೇಳುತ್ತಿದ್ದದ್ದು ಬ್ಯೂಗಲ್ ಮತ್ತು ಡ್ರಮ್ಮು. ಏಳುವುದಕ್ಕೆ ಒಂದು ಬಡಿತ, ಬ್ಯಾರಕ್ಕಿಗೆ ಮರಳುವುದಕ್ಕೆ ಇನ್ನೊಂದು. ರಾತ್ರಿಯ ಈ ಬಡಿತಕ್ಕೆ 'ಟ್ಯಾಟೂ' ಎಂದು ಹೆಸರು. ಹೆಂಡದ ಪೀಪಾಯಿಯ ನಲ್ಲಿ ಮುಚ್ಚಿರಿ ಎಂಬ ಡಚ್ ಮಾತಿನಿಂದ ಬಂದದ್ದು. ಸಿಪಾಯಿಗಳಿಗೆಂದು ಬಾರಿಸಿದ ಆ ಸದ್ದು ಸಿಪಾಯಿಗಳ ಕಿವಿಗೆ ಮಾತ್ರ ಬೀಳುತ್ತಿರಲಿಲ್ಲ. ಮಾಂಸ, ತರಕಾರಿ, ಬಟ್ಟೆ, ಲಾಳ, ಹುಲ್ಲು ಪೂರೈಸುತ್ತಿದ್ದ ತಮಿಳು, ದಖನಿ, ತೆಲುಗು, ಕನ್ನಡ ಮಾತಿನ ಜನರೂ ಅದನ್ನು ಕೇಳಿಯೇ ಬದುಕುತ್ತಿದ್ದರು.

ಇನ್ನು ಈ ವಾದ್ಯಗಳ ವಂಶಾವಳಿ. ಹೆಗಲಿಗೆ ತೂಗುಹಾಕಿ ಎರಡು ಕಡ್ಡಿಗಳಿಂದ ಬಾರಿಸುವ ಸೈಡ್ ಡ್ರಮ್ ಯುರೋಪಿನಲ್ಲಿಯೇ ಬೆಳೆದದ್ದು. ಆದರೆ ಅಶ್ವದಳದ ಕುದುರೆಯ ಎರಡೂ ಪಕ್ಕದಲ್ಲಿ ತೂಗುವ ಜೋಡಿ ಬೆಳ್ಳಿ ಡ್ರಮ್ಮುಗಳು ಅರಬರ ನಕ್ಕಾರದ ಮಕ್ಕಳು. ಶಿಲುಬೆ ಯುದ್ಧಗಳ ಕಾಲದಲ್ಲಿ ಯುರೋಪಿಗೆ ಹೋಗಿ ಇಂಗ್ಲಿಷಿನಲ್ಲಿ 'ನೇಕರ್' ಆದ ಪದವೇ ಇತ್ತ ಪಾರಸಿಯ ದಾರಿಯಲ್ಲಿ ಬಂದು ಕನ್ನಡದಲ್ಲಿ 'ನಗಾರಿ' ಆಯಿತು. ಎದೆಯ ಮೇಲೆ ಹೊತ್ತು ಬಾರಿಸುವ ದೊಡ್ಡ ಡ್ರಮ್ಮು ಮತ್ತು ತಾಳಗಳನ್ನು ಯುರೋಪು ಕಲಿತದ್ದು ತುರ್ಕರ ಮೆಹ್ತರ್ ಬ್ಯಾಂಡಿನಿಂದ. 18ನೆಯ ಶತಮಾನದಲ್ಲಿ ಈ 'ತುರ್ಕಿ ಸಂಗೀತ' ಎಷ್ಟು ಫ್ಯಾಶನ್ ಆಯಿತೆಂದರೆ ಇಂಗ್ಲಿಷ್ ಪಲ್ಟನ್ನುಗಳು ಅದನ್ನು ನುಡಿಸಲು ಆಫ್ರಿಕಾ ಮೂಲದ ಕರಿಯರನ್ನು ಬಣ್ಣಬಣ್ಣದ ಪೂರ್ವದೇಶದ ಉಡುಪು ತೊಡಿಸಿ ನಿಲ್ಲಿಸುತ್ತಿದ್ದವು. 29ನೇ ಪಲ್ಟನ್ನಿನಲ್ಲಿ 1759ರಿಂದ 1843ರವರೆಗೂ ಕರಿಯ ಡ್ರಮ್ಮರುಗಳಿದ್ದರು. ಅಂದರೆ ಟಿಪ್ಪುವಿನ ಕೋಟೆಯನ್ನು ಕೆಡವಲು ಬಂದ ಕಾಲದ ಪಡೆಗಳ ಸದ್ದಿನಲ್ಲಿ ಅರ್ಧ ಪಾಲು ಟಿಪ್ಪುವಿನ ಜಗತ್ತಿನಿಂದಲೇ ಹೋಗಿತ್ತು!

ಇಷ್ಟು ಹೇಳಿ 'ನೋಡಿ, ಎಲ್ಲವೂ ನಮ್ಮಿಂದಲೇ' ಎಂದು ಬೀಗುವುದು ಸುಲಭ. ಅದು ಅರ್ಧ ಓದು. ನಗಾರಿಯೂ ಮುಗ್ಧ ವಾದ್ಯವಲ್ಲ. ಅಬುಲ್ ಫಝಲ್ ಅಕ್ಬರನ ನಕ್ಕಾರಖಾನೆಯನ್ನು ವಿವರಿಸುವಾಗ ಸುಮಾರು 20 ಜೋಡಿ ನಗಾರಿಗಳ ಲೆಕ್ಕ ಕೊಡುತ್ತಾನೆ. ಅಕ್ಬರನೇ ಅದರಲ್ಲಿ ನಿಪುಣನಾಗಿದ್ದನಂತೆ. ಆದರೆ ನೌಬತ್ ಬಾರಿಸುವ ಹಕ್ಕು ಬಾದಶಹನದು, ಅವನು ಮೆಚ್ಚಿ ದಯಪಾಲಿಸಿದ ಅಮೀರನದು. ಬಡವನ ಬಾಗಿಲಲ್ಲಿ ಅದು ಮೊಳಗುವಂತಿರಲಿಲ್ಲ. ಅಧಿಕಾರ ಯಾರದೆಂದು ಸಾರುವುದೇ ಅದರ ಕೆಲಸ. ಮೈಸೂರಿನ ದಸರಾ ಮೆರವಣಿಗೆಯಲ್ಲಿ ಇಂದಿಗೂ ನಿಶಾನೆ ಆನೆಯೊಂದಿಗೆ ನೌಪತ್ ಆನೆ ಸಾಗುತ್ತದೆ. ಆ ಎರಡು ಪಾರಸಿ ಪದಗಳು ನಾಡಹಬ್ಬದಲ್ಲಿ ಯಾರಿಗೂ ಪರಕೀಯವೆನಿಸುವುದಿಲ್ಲ. ಸದ್ದಿಗೆ ಮತವಿಲ್ಲ, ದರಬಾರು ಮಾತ್ರ ಇದೆ.

ಡ್ರಮ್ಮಿನ ಮೇಲೆ ಬರೆಯದ ಇನ್ನೊಂದು ಹೆಸರಿನ ಬಗ್ಗೆಯೂ ಕೇಳಬೇಕು: ಅದನ್ನು ಬಾರಿಸಿದವರು ಯಾರು? 1795ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಒಂದು ಆಜ್ಞೆ ಹೊರಡಿಸಿತು. ತಂದೆ-ತಾಯಿ ಇಬ್ಬರ ಕಡೆಯಿಂದಲೂ ಯುರೋಪಿಯನ್ನರಲ್ಲದವರಿಗೆ ಕಂಪೆನಿಯ ಸೇನೆಯಲ್ಲಿ ಪಿಳ್ಳಂಗೋವಿ ಊದುವ, ಡ್ರಮ್ ಬಾರಿಸುವ, ಬ್ಯಾಂಡ್ ನುಡಿಸುವ, ಕುದುರೆಗೆ ಲಾಳ ಕಟ್ಟುವ ಕೆಲಸ ಮಾತ್ರ ಉಳಿಯಿತು. ತಂದೆ ಅಧಿಕಾರಿಯಾಗಿದ್ದ ಪಲ್ಟನ್ನಿನಲ್ಲಿ ಮಗ ಡ್ರಮ್ಮು ಹೊರಬೇಕಾಯಿತು. ಆಂಗ್ಲೋ ಇಂಡಿಯನ್ ಸಮುದಾಯದ ಹಿರಿಯರು ಇವರು. ಇದೇ ಸಮುದಾಯ ಸ್ವಂತ ನೆಲ ಬೇಕೆಂದು ಹಂಬಲಿಸಿ 1882ರಲ್ಲಿ ಮೈಸೂರು ಅರಸರಿಂದ ಭೂಮಿ ಪಡೆದು ಕಟ್ಟಿದ ಊರು ಕೆ.ಆರ್. ಪುರದ ಆಚೆಯ ವೈಟ್‌ಫೀಲ್ಡ್. ಇಂದು ಅಲ್ಲಿ ಐ.ಟಿ. ಗೋಪುರಗಳೆದ್ದಿವೆ.

ಹಾಗೆಯೇ ಈ ಕಥೆಯನ್ನು ಹಿಂದೂ-ಮುಸ್ಲಿಂ ತಕ್ಕಡಿಯಲ್ಲಿ ತೂಗುವವರಿಗೂ ಡ್ರಮ್ಮು ಸಹಕರಿಸುವುದಿಲ್ಲ. 1799ರಲ್ಲಿ ಇಂಗ್ಲಿಷರ ಜೊತೆ ಬಂದದ್ದು ಹೈದರಾಬಾದಿನ ನಿಜಾಮನ ಸೈನ್ಯ. ವೆಲ್ಲೆಸ್ಲಿ ನಡೆಸಿದ್ದು ಅದೇ ಸೈನ್ಯವನ್ನು. ಕಂಪೆನಿಯ ಸಿಪಾಯಿಗಳಲ್ಲಿ ಎಲ್ಲ ಜಾತಿ ಮತದವರೂ ಇದ್ದರು. ಹಲಸೂರು ಕೆರೆಯ ಬಳಿಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಬೇರುಗಳಿರುವುದೂ 1780ರಲ್ಲಿ, ಹೈದರಾಲಿಯ ವಿರುದ್ಧದ ಯುದ್ಧದ ವೇಳೆ ಮದರಾಸಿನಲ್ಲಿ ಕಟ್ಟಿದ ಪಯನೀರ್ ತುಕಡಿಗಳಲ್ಲಿ. ಅದೇ ಪಡೆ ಇಂದು ಸ್ವತಂತ್ರ ಭಾರತದ ಹೆಮ್ಮೆಯ ಪಡೆ.

ಸ್ವತಂತ್ರ ಭಾರತದ ಸೇನೆ ಈ ಇಕ್ಕಟ್ಟಿಗೆ ಒಂದು ದಾರಿ ಕಂಡುಕೊಂಡಿತು. ಈ ನೆಲದ ಜನರನ್ನೇ ಸೋಲಿಸಿ ಗಳಿಸಿದ ಯುದ್ಧ ಗೌರವಗಳನ್ನು ಅನುಚಿತವೆಂದು ಬೇರ್ಪಡಿಸಿ, ಧ್ವಜಗಳ ಮೇಲೆ ಅವನ್ನು ಬರೆಯದಿರಲು ನಿರ್ಧರಿಸಿತು. ಇದು ಘನತೆಯ ನಿರ್ಧಾರ. ತನ್ನವರ ರಕ್ತವನ್ನು ಮೆರೆಸಲಾರೆ ಎಂದು ಒಂದು ಸೇನೆ ಹೇಳುವುದು ಸಣ್ಣ ಮಾತಲ್ಲ. ಆದರೆ ಧ್ವಜದಿಂದ ತೆಗೆಯುವುದು ಬೇರೆ, ನೆನಪಿನಿಂದ ಅಳಿಸುವುದು ಬೇರೆ. ನಾವು ಎರಡನ್ನೂ ಒಂದೇ ಎಂದು ತಿಳಿಯುತ್ತಿದ್ದೇವೆ.

ಲಂಡನ್ನಿನ ಮ್ಯೂಸಿಯಮ್ಮಿನಲ್ಲಿರುವ ಟಿಪ್ಪುವಿನ ಹುಲಿಯ ಬಗ್ಗೆ ಎಷ್ಟೋ ಬರೆಯಲಾಗಿದೆ. ಅದು ಲೂಟಿಯಾಗಿ ಹೋದದ್ದು. 1808ರಲ್ಲಿಯೇ ಅದನ್ನು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಅದನ್ನು ವಾಪಸು ತರಬೇಕೆಂದು ನಮ್ಮವರು ಆಗ್ರಹಿಸುತ್ತಾರೆ. ಡ್ರಮ್ಮಿನದು ಬೇರೆಯೇ ತರಹದ ಪ್ರಶ್ನೆ. ಅದು ನಮ್ಮದಲ್ಲ, ಆದರೆ ನಮ್ಮ ಊರಿನ ಹೆಸರನ್ನು ಹೊತ್ತಿದೆ. ಅದನ್ನು ವಾಪಸು ಕೇಳಲಾಗದು, ಓದಬಹುದು. ಒಡೆಯಲೂಬಾರದು, ಪೂಜಿಸಲೂಬಾರದು, ಕಾಫಿ ಲೋಟ ಇಡುವ ಮೇಜೂ ಮಾಡಬಾರದು.

ಬೆಂಗಳೂರಿನ ಯಾವುದೇ ಸಂಗ್ರಹಾಲಯಕ್ಕೆ ಇಂತಹದೊಂದು ಡ್ರಮ್ಮು ಬಂದರೆ ಅದರ ಪಕ್ಕದ ಚೀಟಿಯಲ್ಲಿ ಪಲ್ಟನ್ನಿನ ಸಂಖ್ಯೆ, ತಯಾರಾದ ವರ್ಷ ಬರೆದರೆ ಸಾಲದು. ಆ ಸದ್ದು ಎಲ್ಲೆಲ್ಲಿಂದ ಬಂತು, ಅದನ್ನು ಹೊತ್ತವರಿಗೆ ಬೇರೆ ಯಾವ ಕೆಲಸ ನಿರಾಕರಿಸಲಾಗಿತ್ತು, ಅದರ ಮೇಲಿನ ಹೆಸರಿನ ಊರಿನಲ್ಲಿ 1799ರ ಮೇ 4ರಂದು ಏನಾಯಿತು ಎಂಬುದನ್ನೂ ಬರೆಯಬೇಕು. ಕನ್ನಡದಲ್ಲಿ ಬರೆಯಬೇಕು, ಶಿವಾಜಿನಗರದ ಶಾಲೆಯ ಮಕ್ಕಳು ಓದುವಂತೆ ಉರ್ದು, ತಮಿಳಿನಲ್ಲೂ ಬರೆಯಬೇಕು.