ಬೇಟೆಯ ಹೊತ್ತು, ಬೇಟೆಯ ಊಟ: ಮೃಗಯಾ ವರ್ಣನೆಗಳ ದಿನಚರಿಯನ್ನು ಕುರಿತು

ಮಹಾಕಾವ್ಯದಲ್ಲಿ ಬರಬೇಕಾದ ವರ್ಣನೆಗಳನ್ನು ಹೇಳುವ ದಂಡಿಯ ಪಟ್ಟಿಯಲ್ಲಿ ಬೇಟೆಯಿಲ್ಲ. ನಗರ, ಸಮುದ್ರ, ಪರ್ವತ, ಋತು, ಜಲಕ್ರೀಡೆ, ಮಧುಪಾನ ಮೊದಲಾದ ಹದಿನೆಂಟರ ನಡುವೆ ಮೃಗಯೆಗೆ ಸ್ಥಾನ ದೊರೆಯಲಿಲ್ಲ. 14ನೆಯ ಶತಮಾನದ ವಿಶ್ವನಾಥನು ತನ್ನ ‘ಸಾಹಿತ್ಯದರ್ಪಣ’ದಲ್ಲಿ ಈ ಪಟ್ಟಿಯನ್ನು ಬೆಳೆಸಿದಾಗ ಬೇಟೆಯೂ ಅದರೊಳಗೆ ಬಂದಿತು, ಬಂದದ್ದು ಪ್ರಾತಃಕಾಲ ಮತ್ತು ಮಧ್ಯಾಹ್ನಗಳ ಬೆನ್ನಿಗೆ. ಛಂದಸ್ಸಿನ ಅನುಕೂಲವೇ ಈ ಜೋಡಣೆಗೆ ಕಾರಣವಾಗಿರಬಹುದು. ಆದರೂ ಬೇಟೆಯ ವರ್ಣನೆಯನ್ನು ಓದಬೇಕಾದ ಒಂದು ದಾರಿಯನ್ನು ಅದು ತಿಳಿದೋ ತಿಳಿಯದೆಯೋ ತೋರಿಸಿದೆ. ಬೇಟೆಯೆಂದರೆ ಮೊದಲಿಗೆ ಹೊತ್ತಿನ ವಿಷಯ. ಮಿಗ ನೀರಿಗಿಳಿಯುವ ಹೊತ್ತು, ಗಾಳಿ ತಿರುಗುವ ಹೊತ್ತು, ಬಿಸಿಲು ನೆತ್ತಿಗೇರಿ ಬೇಟೆಗಾರನೇ ನೆರಳನ್ನು ಹುಡುಕುವ ಹೊತ್ತು. ಇವುಗಳ ನಡುವೆ ಅವನ ಊಟವೂ ನಿದ್ದೆಯೂ ಹೇಗೋ ಸೇರಿಕೊಳ್ಳಬೇಕು.

ಪಂಪನಿಂದ ಮೊದಲ್ಗೊಂಡು ಕನ್ನಡ ಕವಿಗಳು ಬೇಂಟೆಯನ್ನು ಉತ್ಸಾಹದಿಂದ ವರ್ಣಿಸಿದ್ದಾರೆ. ವಿಮರ್ಶೆಯು ಇಂತಹ ಭಾಗಗಳನ್ನು ರೂಢಿಯ ವರ್ಣನೆಯೆಂದೋ ಕಥೆಯ ಓಟಕ್ಕೆ ತಡೆಯೆಂದೋ ಬಗೆದು ದಾಟಿಹೋಗುವುದೇ ಹೆಚ್ಚು. ನಾಯಿಗಳ ಹೆಸರು, ಬಲೆಗಳ ಬಗೆ, ಹಂದಿಯ ಆರ್ಭಟ ಇವು ಕವಿಯ ಬಹುಜ್ಞತೆಗೆ ಸಾಕ್ಷಿಯಾಗಿ ಉದ್ಧೃತವಾಗುತ್ತವೆಯೇ ಹೊರತು ಕಾವ್ಯದ ಅರ್ಥಕ್ಕೆ ಸೇರಿದವೆಂದು ಪರಿಗಣಿತವಾಗುವುದಿಲ್ಲ. ಬೇಟೆಯಲ್ಲಿ ಯಾರು ಯಾವಾಗ ಉಂಡರು, ಯಾವಾಗ ಮಲಗಿದರು, ಯಾರು ಎಬ್ಬಿಸಿದರು ಎಂಬ ಸಣ್ಣ ಪ್ರಶ್ನೆಗಳನ್ನು ಮುಂದಿಟ್ಟರೆ ಈ ತೀರ್ಮಾನ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಅರಸನ ದಿನವನ್ನು ಕೌಟಿಲ್ಯನು ನಾಳಿಕೆಗಳ ಲೆಕ್ಕದಲ್ಲಿ ಹಗಲಿಗೆ ಎಂಟು, ಇರುಳಿಗೆ ಎಂಟು ಭಾಗಗಳಾಗಿ ಕತ್ತರಿಸಿದ್ದಾನೆ. ಹಗಲಿನ ಮೂರನೆಯ ಭಾಗದಲ್ಲಿ ಸ್ನಾನ, ಭೋಜನ, ಸ್ವಾಧ್ಯಾಯ. ಆರನೆಯದರಲ್ಲಿ ಸ್ವೇಚ್ಛಾವಿಹಾರ ಅಥವಾ ಮಂತ್ರಾಲೋಚನೆ. ಹಲವು ದಿನಗಳ ಕಾಡಿನ ಬೇಟೆ ಈ ಕೋಷ್ಟಕದ ಯಾವ ಮನೆಯಲ್ಲಿಯೂ ಕೂರುವುದಿಲ್ಲ. ‘ಅರ್ಥಶಾಸ್ತ್ರ’ದ ಎಂಟನೆಯ ಅಧಿಕರಣದಲ್ಲಿ ಜೂಜು ಮತ್ತು ಬೇಟೆಗಳಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂಬ ಚರ್ಚೆಯಿದೆ. ಬೇಟೆಯೇ ಕೆಟ್ಟದ್ದೆನ್ನುವ ಪಿಶುನನು ಕಳ್ಳರು, ಶತ್ರುಗಳು, ಕ್ರೂರಮೃಗ, ಕಾಡುಕಿಚ್ಚು, ದಿಕ್ಕುತಪ್ಪುವುದು ಇವುಗಳೊಡನೆ ಹಸಿವು ನೀರಡಿಕೆಗಳನ್ನೂ ಎಣಿಸುತ್ತಾನೆ. ಅದಕ್ಕೆ ಕೌಟಿಲ್ಯನ ಉತ್ತರ ವ್ಯಾಯಾಮದ್ದು: ಕಫ, ಪಿತ್ತ, ಕೊಬ್ಬು ಕರಗುತ್ತವೆ, ಓಡುವ ಗುರಿಗೂ ನಿಂತ ಗುರಿಗೂ ಕೈ ಪಳಗುತ್ತದೆ, ಮಿಗಗಳ ಮನಸ್ಸು ತಿಳಿಯುತ್ತದೆ. ಹಸಿವಿನ ಆಕ್ಷೇಪಕ್ಕೆ ಮಾತ್ರ ಅವನು ನೇರವಾದ ಉತ್ತರವನ್ನು ಕೊಡಲಿಲ್ಲ.

ಆ ಆಕ್ಷೇಪವನ್ನು ಕೈಗೆತ್ತಿಕೊಂಡವನು ಕಾಳಿದಾಸನ ವಿದೂಷಕ. ‘ಶಾಕುಂತಲ’ದ ಎರಡನೆಯ ಅಂಕದ ಆರಂಭದಲ್ಲಿ ಮಾಧವ್ಯನು ತೋಡಿಕೊಳ್ಳುವ ಅಳಲು ಒಂದು ಬೇಟೆಯ ಶಿಬಿರದ ಯಥಾವತ್ತಾದ ದಿನಚರಿ. ಬೇಸಗೆಯ ನಡುಹಗಲಿನಲ್ಲಿ ನೆರಳು ತೆಳುವಾದ ಮರಗಳ ಕೆಳಗೆ ಅಲೆದಾಟ. ಎಲೆ ಬಿದ್ದು ಒಗರಾದ ಬೆಟ್ಟದ ತೊರೆಯ ನೀರು. ಹೊತ್ತುಗೊತ್ತಿಲ್ಲದ ಊಟ, ಅದರಲ್ಲಿಯೂ ಹೆಚ್ಚಿನದು ಶೂಲಕ್ಕೆ ಚುಚ್ಚಿ ಸುಟ್ಟ ಮಾಂಸ. ಕುದುರೆಯ ಹಿಂದೆ ಓಡಿ ಸಡಿಲಿದ ಕೀಲುಗಳಿಂದಾಗಿ ಇರುಳಿಗೆ ನಿದ್ದೆಯಿಲ್ಲ. ಕಣ್ಣು ಹತ್ತುವಷ್ಟರಲ್ಲಿ ಕಾಡನ್ನು ಸುತ್ತುಗಟ್ಟುವವರ ಗದ್ದಲಕ್ಕೆ ನಸುಕಿನಲ್ಲಿಯೇ ಎಚ್ಚರ. ಇದನ್ನು ಕೇವಲ ಹೊಟ್ಟೆಬಾಕ ಬ್ರಾಹ್ಮಣನ ಹಾಸ್ಯವೆಂದು ಓದುವ ವಾಡಿಕೆಯಿದೆ. ಹಾಸ್ಯವಿಲ್ಲವೆಂದಲ್ಲ. ಆದರೆ ಇದೇ ಅಂಕದಲ್ಲಿ ಸೇನಾಪತಿಯು ಬಂದು ಬೇಟೆಯ ಗುಣಗಳನ್ನು ಹಾಡುವಾಗ ಅವನ ಬಾಯಲ್ಲಿ ಬರುವುದು ಕೌಟಿಲ್ಯನ ವಾದವೇ: ಕೊಬ್ಬಿಳಿದ ಮೈ, ಚಲಿಸುವ ಗುರಿ, ಮಿಗಗಳ ಭಯಕೋಪಗಳ ಅರಿವು. ಶಾಸ್ತ್ರದಲ್ಲಿ ಉತ್ತರ ದೊರೆಯದೆ ಉಳಿದ ಪ್ರಶ್ನೆಯನ್ನು ನಾಟಕವು ವಿದೂಷಕನ ಬಾಯಿಗೆ ಕೊಟ್ಟು, ಶಾಸ್ತ್ರದ ಉತ್ತರವನ್ನು ಸೇನಾಪತಿಗೆ ಕೊಟ್ಟು, ಇಬ್ಬರನ್ನೂ ಎದುರುಬದುರು ನಿಲ್ಲಿಸಿದೆ. ಗೆಲ್ಲುವವನು ವಿದೂಷಕ, ಬೇಟೆ ನಿಲ್ಲುತ್ತದೆ. ನಿಂತದ್ದು ಅವನ ಹಸಿವಿಗಾಗಿ ಅಲ್ಲ, ಶಕುಂತಲೆಗಾಗಿ ಎಂಬುದು ಬೇರೆ ಮಾತು.

ಇದೇ ಅಂಕದ ಕೊನೆಯ ಭಾಗದಲ್ಲಿ ರಾಜಧಾನಿಯಿಂದ ತಾಯಿಯ ಸಂದೇಶ ಬರುತ್ತದೆ. ನಾಲ್ಕನೆಯ ದಿನ ಆಕೆಯ ಉಪವಾಸದ ಪಾರಣೆ, ಮಗನು ಅಲ್ಲಿರಬೇಕು. ಒಂದು ಕಡೆ ದಿನವೂ ಗಳಿಗೆಯೂ ಗೊತ್ತಾದ ಅರಮನೆಯ ಊಟ, ಇನ್ನೊಂದು ಕಡೆ ಹೊತ್ತಿಲ್ಲದ ಕಾಡಿನ ಊಟ. ದುಷ್ಯಂತನು ಪಾರಣೆಗೆ ತಾನು ಹೋಗದೆ ವಿದೂಷಕನನ್ನು ಕಳುಹಿಸುತ್ತಾನೆ. ಅರಸನು ಮರೆಯುವುದಕ್ಕೆ ದುರ್ವಾಸನ ಶಾಪ ಬೇಕಾಯಿತೆಂದು ಕಥೆ ಹೇಳುತ್ತದೆ. ಮನೆಯ ಹೊತ್ತನ್ನು ಅವನು ಕೈಬಿಟ್ಟದ್ದು ಅದಕ್ಕೂ ಮೊದಲೇ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126-1138) ‘ಮಾನಸೋಲ್ಲಾಸ’ದ ವ್ಯವಸ್ಥೆ ಇದಕ್ಕೆ ನೇರ ವಿರುದ್ಧವಾದುದು. ಕರ್ನಾಟಕದ ಅರಮನೆಯ ಬದುಕಿಗೆ ಇಷ್ಟು ಹತ್ತಿರದ ಇನ್ನೊಂದು ಸಂಸ್ಕೃತ ಗ್ರಂಥ ವಿರಳ. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಉಪಭೋಗಗಳ ಮೂರನೆಯ ವಿಂಶತಿಗೆ ಅನ್ನಭೋಗವೂ ವಿನೋದಗಳ ನಾಲ್ಕನೆಯದಕ್ಕೆ ಮೃಗಯೆಯೂ ಸೇರಿವೆ. ಹಂದಿಯ ರೋಮವನ್ನು ಸುಟ್ಟು ತೆಗೆದು ಮಾಂಸವನ್ನು ಹದಮಾಡುವ ಕ್ರಮವನ್ನು ಅನ್ನಭೋಗವು ಬಾಯಲ್ಲಿ ನೀರೂರುವಂತೆ ವಿವರಿಸುತ್ತದೆ. ನೀರಿನ ತಾಣದಲ್ಲಿ ಮರೆಯಾಗಿ ಕುಳಿತು ಮಿಗಗಳನ್ನು ಕಾಯುವ ವಿಧಾನವನ್ನು ಮೃಗಯಾಭಾಗವು ಹೇಳುತ್ತದೆ. ಎರಡರ ನಡುವೆ ಒಂದು ವಿಂಶತಿಯ ಗೋಡೆ. ಕೊಂದ ಮಿಗವು ಬಾಣಲೆಗೆ ಬರುವವರೆಗಿನ ದಾರಿ, ಹೊತ್ತವರ ಹೆಗಲು, ಸುಲಿದವರ ಕೈ ಇವು ಆ ಗೋಡೆಯೊಳಗೆ ಕಾಣದಾಗಿವೆ. ಅರಸನಿಗೆ ಬೇಟೆ ಒಂದು ವಿನೋದ, ಊಟ ಇನ್ನೊಂದು ಭೋಗ. ಎರಡೂ ಒಂದೇ ದಿನದ ಎರಡು ಗಳಿಗೆಗಳೆಂದು ಅವನು ಬಗೆಯಬೇಕಾದ ಅಗತ್ಯವಿಲ್ಲ. ಮಿಗದ ದಿನಚರಿಯನ್ನು ಅರಿತಿರಬೇಕಾದವರು ಕಾಡಿನಲ್ಲಿ ಮೊದಲೇ ಹೋಗಿ ಕುಳಿತ ಬೇಡರು. ಅರಸನ ಹೊತ್ತನ್ನು ಗೊತ್ತುಮಾಡುವವರು ಅವರು. ಅವರ ಹೊತ್ತನ್ನು ಗೊತ್ತುಮಾಡುವುದು ಜಿಂಕೆ.

ಇಂತಹ ಸಿದ್ಧತೆಯಿಲ್ಲದ ಬೇಟೆಗಳ ಕಥೆಯೇ ಪುರಾಣಗಳಲ್ಲಿ ಹೆಚ್ಚು. ಅಲ್ಲಿ ಅರಸರು ಬುತ್ತಿಯಿಲ್ಲದೆ ಕಾಡಿಗಿಳಿಯುತ್ತಾರೆ, ಹಸಿದಾಗ ಆಶ್ರಮವನ್ನು ಹುಡುಕುತ್ತಾರೆ. ಪರೀಕ್ಷಿತನು ಗಾಯಗೊಂಡ ಮಿಗದ ಹಿಂದೆ ಓಡಿ, ಹಸಿದು ಬಾಯಾರಿ, ಮೌನವ್ರತದಲ್ಲಿದ್ದ ಶಮೀಕನ ಕೊರಳಿಗೆ ಸತ್ತ ಹಾವನ್ನು ಹಾಕಿದನು. ಪಾಂಡವರು ಬೇಟೆಗೆ ಚದುರಿಹೋದ ಹೊತ್ತಿನಲ್ಲಿ ಜಯದ್ರಥನು ಬಂದಾಗ ದ್ರೌಪದಿಯು ಬೆಳಗಿನ ಊಟಕ್ಕೆಂದು ಐವತ್ತು ಮಿಗಗಳನ್ನು ನೀಡಲು ಮುಂದಾಗುತ್ತಾಳೆ. ಆತಿಥ್ಯದ ಆ ಗಳಿಗೆಯೇ ಅಪಹರಣದ ಗಳಿಗೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಆದಿಪರ್ವದಲ್ಲಿ ಗಂಧರ್ವನು ಅರ್ಜುನನಿಗೆ ಹೇಳುವ ಕಥೆ. ಗಾಧಿಯ ಮಗನಾದ ವಿಶ್ವಾಮಿತ್ರನು ಅರಸನಾಗಿದ್ದಾಗ ಬೇಟೆಯಾಡಿ ದಣಿದು ನೀರಡಿಸಿ ವಸಿಷ್ಠನ ಆಶ್ರಮಕ್ಕೆ ಬರುತ್ತಾನೆ; ನಂದಿನಿಯು ಅವನ ಪರಿವಾರಕ್ಕೆಲ್ಲ ಊಟವನ್ನು ಕರೆಯುತ್ತದೆ; ಉಂಡವನು ಹಸುವನ್ನೇ ಬೇಡುತ್ತಾನೆ. ವಸಿಷ್ಠ ವಿಶ್ವಾಮಿತ್ರರ ಹಗೆಯ ಮೂಲದಲ್ಲಿರುವುದು ಬೇಟೆಯ ನಂತರದ ಒಂದು ಊಟ.

ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದ ಬೇಟೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಆ ಹಗೆಯೇ ಈ ಕಾವ್ಯದ ಬೀಜ. ಹರಿಶ್ಚಂದ್ರನು ಬೇಟೆಗೆ ಹೊರಡುವುದು ವಿನೋದಕ್ಕಲ್ಲ; ಮಿಗಗಳ ಹಾವಳಿಯಿಂದ ನಾಡು ನೊಂದಿದೆ, ಆ ಮಿಗಗಳ ಹಿಂದೆ ವಿಶ್ವಾಮಿತ್ರನ ಕೈವಾಡವಿದೆ. ವಿಶ್ವಾಮಿತ್ರನ ಆಶ್ರಮದ ಕಡೆಗೆ ಹೋಗಬಾರದೆಂದು ವಸಿಷ್ಠನು ಎಚ್ಚರಿಸಿದ್ದಾನೆ. ಹಂದಿಯೊಂದನ್ನು ಅಟ್ಟಿಕೊಂಡು ಹೋದ ಅರಸನು ದಣಿದು ತಲುಪುವುದು ಆ ಆಶ್ರಮದ ಕಾಡನ್ನೇ. ಹಿಂದೊಮ್ಮೆ ಬೇಟೆಯಾಡಿ ದಣಿದು ಬಂದು ವಸಿಷ್ಠನಲ್ಲಿ ಉಂಡವನ ಆಶ್ರಮಕ್ಕೆ ವಸಿಷ್ಠನ ಶಿಷ್ಯನು ಬೇಟೆಯಾಡಿ ದಣಿದು ಬರುತ್ತಾನೆ. ಕಾವ್ಯವು ಈ ಸಾಮ್ಯವನ್ನು ಬಾಯಿಬಿಟ್ಟು ಹೇಳಬೇಕಿಲ್ಲ. ಕಥೆ ಬಲ್ಲ ಕೇಳುಗರಿಗೆ ಅದು ತಾನಾಗಿ ಹೊಳೆಯುವಂತಹುದು. ಈ ಬಾರಿ ಊಟವಿಲ್ಲ. ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಅರಸನಿಗೆ ಕೆಟ್ಟ ಕನಸು ಬೀಳುತ್ತದೆ, ಎದ್ದಾಗ ಗಾಣರಾಣಿಯರು ಬರುತ್ತಾರೆ.

ವಿಮರ್ಶಕರು ಬಹಳವಾಗಿ ಚರ್ಚಿಸಿರುವ ಸನ್ನಿವೇಶವಿದು. ಅನಾಮಿಕ ಕನ್ಯೆಯರ ಕುಲ, ಅರಸನ ನಿರಾಕರಣೆ, ಅದಕ್ಕೆ ಅವರು ಕೊಡುವ ಮೊನಚಾದ ಉತ್ತರಗಳು ಜಾತಿಯ ಪ್ರಶ್ನೆಯ ನೆಲೆಯಿಂದ ವಿವೇಚಿತವಾಗಿವೆ. ಅದು ಯುಕ್ತವೂ ಆಗಿದೆ. ಆದರೆ ವಾದ ಮೊದಲಾಗುವುದು ಕುಲದಿಂದಲ್ಲ, ಹೊತ್ತಿನಿಂದ. ಹಾಡಿಗೆ ಮೆಚ್ಚಿ ಅರಸನು ಒಡವೆಗಳನ್ನು ಕೊಟ್ಟಾಗ ಅವರು ಒಪ್ಪುವುದಿಲ್ಲ. ನೀರಡಿಸಿದವನಿಗೆ ತುಪ್ಪ ಸಿಕ್ಕಿ ಏನು ಪ್ರಯೋಜನವೆಂಬ ಬಗೆಯ ನಿದರ್ಶನಗಳನ್ನು ಒಂದರ ಮೇಲೊಂದು ಪೇರಿಸಿ, ಬಿಸಿಲಿನಲ್ಲಿ ಬೆಂದು ಬಂದ ತಮಗೆ ಬೇಕಾದುದು ಒಡವೆಯಲ್ಲ, ಅರಸನ ಬೆಳ್ಗೊಡೆ ಎನ್ನುತ್ತಾರೆ. ಹೊತ್ತಿಗೆ ಒದಗದ ವಸ್ತು ಎಷ್ಟು ಬೆಲೆಯುಳ್ಳದ್ದಾದರೂ ದಾನವಲ್ಲ ಎಂಬುದು ಅವರ ತರ್ಕ. ಬೇಟೆಯ ಬಿಸಿಲಿನಲ್ಲಿ ಅರಸನೂ ಅವರೂ ಸಮಾನವಾಗಿ ಬೆಂದವರು. ನೆರಳಿನ ಬೆಲೆಯನ್ನು ಆ ಗಳಿಗೆಯಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಕೊಡೆಯೆಂದರೆ ಅವನ ಕಿವಿಗೆ ಕೇಳುವುದು ರಾಜ್ಯ, ವಂಶ, ಪಟ್ಟ. ಅವರು ನೆರಳನ್ನು ಕೇಳುತ್ತಾರೆ, ಅವನು ಸಿಂಹಾಸನವನ್ನು ಕೇಳಿಸಿಕೊಳ್ಳುತ್ತಾನೆ. ಕೇಳಿಸುವವನು ವಿಶ್ವಾಮಿತ್ರನೇ ಆದ್ದರಿಂದ ಅರಸನ ಕಿವಿ ತಪ್ಪಿಲ್ಲವೆಂಬುದೂ ನಿಜ. ಒಂದೇ ಕೊಡೆಗೆ ಎರಡು ಅರ್ಥಗಳು ಇಷ್ಟು ಸಹಜವಾಗಿ ಕೂಡಬೇಕಾದರೆ ದಣಿವು ಬೇಕು, ಬಿಸಿಲು ಬೇಕು. ಅವನ್ನು ಒದಗಿಸುವುದು ಅದಕ್ಕೆ ಮೊದಲಿನ ಬೇಟೆ. ಬೇಟೆಯ ಭಾಗವನ್ನು ರೂಢಿಯ ವರ್ಣನೆಯೆಂದು ಬಿಟ್ಟು ಓದುವವರಿಗೆ ಈ ಬಿಸಿಲು ತಟ್ಟುವುದಿಲ್ಲ. ತಟ್ಟದಿದ್ದರೆ ಕನ್ಯೆಯರ ಮಾತು ಕೇವಲ ವಾಕ್ಚಾತುರ್ಯವಾಗಿ ತೋರುತ್ತದೆ.

ಇದೇ ಪರಂಪರೆಯ ಕಣ್ಣಪ್ಪನ ಕಥೆಯಲ್ಲಿ ಬೇಟೆಯ ಊಟವೇ ಪೂಜೆ. ಹರಿಹರನು ರಗಳೆಯಾಗಿಸಿದ ಈ ಕಥೆಯ ತಮಿಳು ರೂಪ ಸೇಕ್ಕಿಳಾರನ ‘ಪೆರಿಯಪುರಾಣ’ದಲ್ಲಿದೆ. ಅಲ್ಲಿ ಬೇಡನು ಇರುಳೆಲ್ಲ ಬಿಲ್ಲು ಹಿಡಿದು ಕಾದು ನಸುಕಿನಲ್ಲಿ ಬೇಟೆಗೆ ಹೋಗುತ್ತಾನೆ. ಅವನು ಹೋದ ಮೇಲೆ ಅರ್ಚಕನು ಬಂದು ಎಂಜಲು ಮಾಂಸವನ್ನು ಗುಡಿಸಿ, ಮಡಿಯಿಂದ ಪೂಜಿಸಿ ಹಿಂದಿರುಗುತ್ತಾನೆ. ಬೇಡನು ಮತ್ತೆ ಬಂದು ಅರ್ಚಕನ ಹೂಗಳನ್ನು ಸರಿಸಿ, ಸುಟ್ಟು ರುಚಿನೋಡಿ ಆರಿಸಿದ ತುಂಡುಗಳನ್ನು ಎಡೆಯಿಡುತ್ತಾನೆ. ಒಂದೇ ಲಿಂಗದ ಮೇಲೆ ಎರಡು ದಿನಚರಿಗಳು. ಇಬ್ಬರೂ ಒಬ್ಬರನ್ನೊಬ್ಬರು ಕಾಣದಂತೆ ಹೊತ್ತು ಅವರನ್ನು ಬೇರ್ಪಡಿಸಿದೆ. ರುಚಿನೋಡುವುದು ಅಪಚಾರವೆಂದು ಅರ್ಚಕನ ಶಾಸ್ತ್ರ. ಕಾಡಿನ ಅಡಿಗೆಯಲ್ಲಿ ಬೆಂದಿದೆಯೇ ಇಲ್ಲವೇ ಎಂದು ತಿಳಿಯಲು ಬೇರೆ ಉಪಾಯವಿಲ್ಲ.

ಆಧುನಿಕ ಗದ್ಯದಲ್ಲಿ ಅರಸನು ಹಿಂದೆ ಸರಿದು ಸುತ್ತುಗಟ್ಟುವವರು ಮುಂದೆ ಬಂದರು. ಮೈಸೂರು ಸೀಮೆಯ ಆನೆ ಹಿಡಿಯುವ ಕೆಲಸದ ವಿವರಗಳುಳ್ಳ ಸ್ಯಾಂಡರ್ಸನ್ನನ ಇಂಗ್ಲಿಷ್ ಗ್ರಂಥ 1878ರಲ್ಲಿ ಪ್ರಕಟವಾಯಿತು. ಖೆಡ್ಡಾ ಎಂಬುದು ಗಳಿಗೆಯ ಬೇಟೆಯಲ್ಲ. ಹಿಂಡನ್ನು ಸುತ್ತುವರಿದ ಕಾವಲುಗಾರರು ಬೆಂಕಿ ಹಾಕಿಕೊಂಡು ರಾತ್ರಿಗಟ್ಟಲೆ ಕುಳಿತಿರಬೇಕು, ಕುಳಿತಲ್ಲಿಗೆ ಅವರ ಅನ್ನ ಬರಬೇಕು. 1971ರಲ್ಲಿ ಕಾಕನಕೋಟೆಯಲ್ಲಿ ನಡೆದುದೇ ಕೊನೆಯ ಖೆಡ್ಡಾ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಮಲೆನಾಡಿನ ಹಳು ಸೋವುವ ಬೇಟೆಗೂ ಮರಸು ಕೂರುವ ಬೇಟೆಗೂ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಮೊದಲಾದ ಕೃತಿಗಳು ಅಷ್ಟು ಹೊತ್ತಿಗಾಗಲೇ ಭಾಷೆಯನ್ನು ಕೊಟ್ಟಿದ್ದವು.

ಕೊಲ್ಲದ ಬೇಟೆಯೊಂದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ (1980) ಬರುತ್ತದೆ. ಹಾರುವ ಓತಿಯನ್ನು ಅರಸಿ ಕಾಡಿಗೆ ಹೊರಡುವ ಆ ತಂಡದಲ್ಲಿ ವಿಜ್ಞಾನಿಯಿದ್ದಾನೆ, ಕಾಡು ಬಲ್ಲ ಮಂದಣ್ಣನಿದ್ದಾನೆ, ಕಿವಿ ಎಂಬ ನಾಯಿಯಿದೆ. ಅವರೊಂದಿಗೆ ಬಿರಿಯಾನಿ ಕರಿಯಪ್ಪನೂ ಇದ್ದಾನೆ. ‘ಶಾಕುಂತಲ’ದಲ್ಲಿ ಶೂಲದ ಮಾಂಸವನ್ನು ಸುಟ್ಟವನಿಗೆ ಹೆಸರಿರಲಿಲ್ಲ, ‘ಮಾನಸೋಲ್ಲಾಸ’ದಲ್ಲಿ ಅವನು ಎರಡು ವಿಂಶತಿಗಳ ನಡುವಿನ ಗೋಡೆಯಲ್ಲಿ ಕಳೆದುಹೋಗಿದ್ದನು. ಇಲ್ಲಿ ಅಡಿಗೆಯೇ ಅವನ ಹೆಸರಿಗೆ ಅಂಟಿಕೊಂಡಿದೆ, ಮತ್ತು ಓತಿಯು ಕಾಣಿಸಿಕೊಂಡು ಕಣಿವೆಗೆ ತೇಲಿಹೋಗುವವರೆಗಿನ ಹುಡುಕಾಟದಲ್ಲಿ ಅವನು ವಿಜ್ಞಾನಿಯ ಪಕ್ಕದಲ್ಲಿಯೇ ನಡೆಯುತ್ತಾನೆ.