ಅಳತೆಗೋಲಾಗಿ ನಿಂತವನು

ಹಟ್ಟಿಯ ಫೋಟೋ ಯಾರಾದರೂ ತೋರಿಸಿದರೆ ನಾನು ಮೊದಲು ಕೇಳುವುದು ಒಂದೇ: ತೆಗೆದವನು ಎಲ್ಲಿ ನಿಂತಿದ್ದ? ಎತ್ತರದಲ್ಲಿ ನಿಂತಿರುತ್ತಾನೆ. ಅಲ್ಲಿಂದ ಶಾಫ್ಟಿನ ಮೇಲಿನ ಚಕ್ರ, ತಗಡಿನ ಛಾವಣಿ, ಚಿನ್ನ ತೆಗೆದಾದ ಮೇಲೆ ಸುರಿದ ಕಲ್ಲುಪುಡಿಯ ರಾಶಿ, ಆಚೆಯ ಬಯಲು ಎಲ್ಲವೂ ಒಂದೇ ಚೌಕಟ್ಟಿನೊಳಗೆ ಬಂದು ಕೂಡುತ್ತವೆ. ಮನುಷ್ಯ ಮಾತ್ರ ಇರುವೆಯಷ್ಟು. ಇದಕ್ಕೆ ಭೂದೃಶ್ಯ ಅಂತ ಹೆಸರು. ನಾನು ಇದನ್ನು ಒಡೆಯನ ನೋಟ ಅನ್ನುತ್ತೇನೆ. ಅಗೆಯುವವನಿಗೆ ಈ ನೋಟ ಎಲ್ಲಿದೆ? ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಹೇಳಿದ್ದು: "ಕೆಳಗ ಇಳದ್ರ ಮುಂದ ಹಿಂದ ಅನ್ನೋದ ಇಲ್ಲ ಸರ. ತಲಿ ಮ್ಯಾಲಿನ ದೀಪ ಎಷ್ಟು ದೂರ ಬೀಳತದೋ ಅಷ್ಟ ನಮ್ಮ ಊರು."

ಹಟ್ಟಿಯ ಪುರಾತನ ಗುಂಡಿಗಳು ಸುಮಾರು 640 ಅಡಿ ಆಳಕ್ಕೆ ಇಳಿದಿವೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ಬಿರುಕು ಬಿಟ್ಟ ಮೇಲೆ ಒಡೆದು ಇಳಿದವರ ಕೆಲಸ ಅದು. ಅವರ ಕಣ್ಣಿಗೆ ಕಂಡ ನೆಲದ ಚಿತ್ರ ನಮಗೆ ಉಳಿದಿಲ್ಲ. ಉಳಿದಿರುವುದು ಮಡಕೆ ಚೂರು.

ಮಸ್ಕಿಗೆ ಬನ್ನಿ. 1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದು ಅಶೋಕನ ಹೆಸರಿದ್ದ ಶಾಸನ ಕಂಡ. ರಾಜನಿಗೆ ಹೆಸರು ಸಿಕ್ಕಿತು. 1954ರಲ್ಲಿ ಬಿ. ಕೆ. ಥಾಪರ್ ಅಲ್ಲೇ ಉತ್ಖನನ ನಡೆಸಿದರು. ವರದಿ 1957ರಲ್ಲಿ 'ಏನ್ಷಿಯಂಟ್ ಇಂಡಿಯಾ'ದ 13ನೇ ಸಂಚಿಕೆಯಲ್ಲಿ ಬಂತು. ಇಂಥ ವರದಿಗಳನ್ನು ಇತಿಹಾಸದವರಿಗೆ ಬಿಟ್ಟು ನಾವು ಸುಮ್ಮನಿದ್ದೇವೆ. ಇವೂ ಕಲಾಕೃತಿಗಳೇ, ಇವಕ್ಕೂ ವಿಮರ್ಶೆ ಬೇಕು. ಮಡಕೆಯನ್ನು ಅರ್ಧ ಕೊಯ್ದ ಹಾಗೆ ಬರೆಯುತ್ತಾರೆ: ಒಂದು ಕಡೆ ಗೋಡೆಯ ದಪ್ಪ, ಇನ್ನೊಂದು ಕಡೆ ಹೊರಮೈ. ಅಂಚು ಎಷ್ಟು ಬಾಗಿದೆ ಎಂಬುದೂ ತಪ್ಪುವುದಿಲ್ಲ. ಈ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ನಮ್ಮ ಹೊಲಗಳಲ್ಲಿ ನೇಗಿಲಿಗೆ ಸಿಗುವ ಕಪ್ಪು-ಕೆಂಪು ಚೂರು ಇದೆಯಲ್ಲ, ಅದನ್ನು ಬೋರಲು ಹಾಕಿ ಸುಡುತ್ತಿದ್ದರು. ಗಾಳಿ ತಾಗದ ಒಳಮೈ ಮತ್ತು ಬಾಯಿ ಕಪ್ಪಾಯಿತು, ಗಾಳಿ ತಾಗಿದ ಹೊರಮೈ ಕೆಂಪಾಯಿತು. ಒಂದೇ ಸುಡುವಿಕೆಯಲ್ಲಿ ಎರಡು ಬಣ್ಣ! ಇದು ತಿಳಿದದ್ದು ಅಂಥ ವಿದ್ವಾಂಸರಿಂದಲೇ.

ಆದರೆ ಅದೇ ಕಾಲದ ಉತ್ಖನನದ ಫೋಟೋಗಳನ್ನು ನೋಡ್ರಿ. 1947ರಲ್ಲಿ ಬ್ರಹ್ಮಗಿರಿ ಅಗೆಸಿದ ಮಾರ್ಟಿಮರ್ ವ್ಹೀಲರ್ ಕಟ್ಟಿದ ಪರಂಪರೆ ಅದು. ಕೊರೆದು ನಿಲ್ಲಿಸಿದ ಮಣ್ಣಿನ ಗೋಡೆ, ಪದರ ಪದರಕ್ಕೂ ಚೀಟಿ. ಪಕ್ಕದಲ್ಲಿ ಒಬ್ಬ ಕೂಲಿಯಾಳು. ಯಾಕೆ ನಿಂತಿದ್ದಾನೆ? ಗುಂಡಿ ಎಷ್ಟು ಆಳ ಅಂತ ನೋಡುವವರಿಗೆ ಗೊತ್ತಾಗಲಿ ಅಂತ. ಪಟ್ಟೆ ಬಳಿದ ಕೋಲು ಮಾಡುವ ಕೆಲಸವನ್ನು ಅವನ ಮೈ ಮಾಡುತ್ತಿದೆ. ಗುಂಡಿ ತೋಡಿದವನೇ ಗುಂಡಿಯ ಅಳತೆಗೋಲು! ತರಗತಿಯಲ್ಲಿ ಇಂಥದೊಂದು ಚಿತ್ರ ತೋರಿಸಿದಾಗ ಹುಡುಗನೊಬ್ಬ "ಸರ, ಇಂವ ಯಾರು?" ಅಂದ. ಚೂರು ಚೂರಿಗೂ ನಂಬರಿದೆ, ಅವನಿಗೆ ಅದೂ ಇಲ್ಲ.

ಈ ಕ್ಯಾಮೆರಾವನ್ನು ತಿರುಗಿಸಿ ಹಿಡಿದವರೊಬ್ಬರು ಪುಣೆಯ ದಲಿತ ಕಲಾವಿದೆ ರಾಜ್ಯಶ್ರೀ ಗೂಡಿ. ಅವರದೂ ಫೋಟೋ ಮತ್ತು ಮಣ್ಣಿನ ಕೆಲಸ. 'ಈಟ್ ವಿತ್ ಗ್ರೇಟ್ ಡಿಲೈಟ್'ನಲ್ಲಿ ಇರುವುದು ಮನೆಯ ಆಲ್ಬಮ್ಮಿನ ಫೋಟೋಗಳು. ದಲಿತರು ಕೂಡಿ ಉಣ್ಣುವ ಚಿತ್ರಗಳು. ಅವರನ್ನು ಅಳತೆಗೆ ನಿಲ್ಲಿಸಿಲ್ಲ, ತೆಗೆದದ್ದು ತಮ್ಮವರಿಗಾಗಿ. ದಲಿತ ಆತ್ಮಕಥೆಗಳಲ್ಲಿ ಬರುವ ಊಟವನ್ನು ಅಡುಗೆ ಬರಹವಾಗಿಸಿದ್ದಾರೆ, ತಿನಿಸುಗಳನ್ನು ಮಣ್ಣಿನಲ್ಲಿ ಮಾಡಿ ಸುಟ್ಟಿದ್ದಾರೆ.

ಮಣ್ಣು ಅಂದ ಕೂಡಲೇ ಮರುಳಾಗುವ ಕವಿಗಳು ನಮ್ಮಲ್ಲಿ ಬಹಳ. ಮಣ್ಣಿಗೂ ಜಾತಿ ಅಂಟಿಸಿದ ದೇಶ ಇದು. 1927ರಲ್ಲಿ ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ ಮೇಲೆ ಸವರ್ಣೀಯರು ಅದನ್ನು 'ಶುದ್ಧ' ಮಾಡಿದ್ದು 108 ಮಣ್ಣಿನ ಮಡಕೆ ಹಿಡಿದೇ. ಸಗಣಿ, ಗಂಜಲ, ಹಾಲು, ಮೊಸರು ಸುರಿದು. ಗೂಡಿ ಇದನ್ನೂ ಬಿಟ್ಟಿಲ್ಲ. 2017ರ 'ವಾಟ್ ಈಸ್ ದ ಕಾಸ್ಟ್ ಆಫ್ ವಾಟರ್?' ಕೃತಿಯಲ್ಲಿ 108 ಗಾಜಿನ ಲೋಟಗಳು, ಒಳಗೆ ಒಣಗಿದ ಪಂಚಗವ್ಯ. ಮಡಕೆಯ ಬದಲು ಗಾಜು ಇಟ್ಟದ್ದರಿಂದ ಒಳಗಿನ ಹೊಲಸು ಮುಚ್ಚಿಡಲು ಬರುವುದಿಲ್ಲ.

ನನ್ನದೊಂದು ತಕರಾರಿದೆ. ಇಂಥ ಕೆಲಸ ನಿಲ್ಲುವುದು ಮಹಾನಗರದ, ಪರದೇಶದ ಗ್ಯಾಲರಿಯ ಬಿಳಿ ಗೋಡೆಯ ಮುಂದೆ. ಹಟ್ಟಿಯ ಕಾಲೋನಿಯ ಹುಡುಗಿ ಅಲ್ಲಿಗೆ ಹೋಗುವುದು ಯಾವಾಗ? ತಪ್ಪು ಕಲಾವಿದೆಯದಲ್ಲ, ಆದರೂ ನೋವು ನೋವೇ.

ಕಾಯುತ್ತ ಕೂಡಬೇಕಿಲ್ಲ. ಗಣಿ ಕಾರ್ಮಿಕರ ಮನೆಗಳ ಟ್ರಂಕಿನಲ್ಲಿ ಫೋಟೋಗಳಿವೆ: ಮದುವೆಯವು, ಪಾಳಿ ಮುಗಿಸಿ ಬಂದು ಹೆಲ್ಮೆಟ್ ಹಿಡಿದು ನಿಂತವು. ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಮಾಸ್ತರರು ಶಾಲೆಯ ಗೋಡೆಗೆ ಒಂದು ದಿನ ಅವನ್ನು ತೂಗುಹಾಕಲಿ. ಕೆಳಗೆ ಹೊಲದಲ್ಲಿ ಸಿಕ್ಕ ಚೂರುಗಳನ್ನಿಡಲಿ. ಫೋಟೋದಲ್ಲಿರುವವರ ಹೆಸರು, ಊರು, ಯಾವ ಶಾಫ್ಟಿಗೆ ಇಳಿದರು ಎಂಬುದನ್ನು ಮಕ್ಕಳೇ ಕೇಳಿ ಬರೆಯಲಿ. ಚೂರಿಗೆ ನಂಬರು ಆಮೇಲೆ ಹಾಕಿದರಾಯಿತು.