ನಾಯಿಯಿದ್ದ ಬೋರ್ಡು

ಉಡುಪಿ ಬಳಿಯ ಕಟಪಾಡಿ, ಶಂಕರಪುರದ ಕಡೆ ಅಂಗಳದಲ್ಲಿ ಮಲ್ಲಿಗೆ ಬೆಳೆದು ಅಟ್ಟೆ ಲೆಕ್ಕದಲ್ಲಿ ಮಾರುವ ಮನೆಗಳಿಗೆ ಸಿಂಡಿಕೇಟ್ ಬ್ಯಾಂಕಿನ ಪರಿಚಯ ಬೇಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ಟಿ.ಎಂ.ಎ. ಪೈ, ವಾಮನ ಕುಡ್ವರು ಕಟ್ಟಿದ ಬ್ಯಾಂಕದು. 1928ರಲ್ಲಿ ಶುರುವಾದ ಅದರ ಪಿಗ್ಮಿ ಉಳಿತಾಯ ಯೋಜನೆ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೇ ಬಂದು ಪಡೆಯುತ್ತಿತ್ತು. ಇವೆಲ್ಲ ಬಲ್ಲವರು ಬರೆದಿದ್ದಾರೆ. ನನಗಿಷ್ಟವಾದದ್ದು ಅದರ ಲಾಂಛನ, ನಾಯಿ.

ಬ್ಯಾಂಕಿನ ಬೋರ್ಡಿನಲ್ಲಿ ನಾಯಿ! ಆನೆಯಲ್ಲ, ಸಿಂಹವಲ್ಲ, ಲಕ್ಷ್ಮಿಯೂ ಅಲ್ಲ. ಇಂದಿನ ಬ್ರಾಂಡ್ ಸಲಹೆಗಾರರ ಸಭೆಯಲ್ಲಿ ಇಂಥದ್ದನ್ನು ಮುಂದಿಡಲು ಯಾರಿಗೆ ಧೈರ್ಯ ಬಂದೀತು? ನಂಬಿಕೆ, ಸ್ನೇಹ ಎಂದು ಸಾರುವ ಇಂಗ್ಲಿಷ್ ಘೋಷವಾಕ್ಯವೂ ಜೊತೆಗಿತ್ತು. ಅದನ್ನು ಓದಲು ಬಾರದವರಿಗೆ ಚಿತ್ರವೇ ಸಾಕಾಗಿತ್ತು. ಗಂಟು ಕಾಯುವವ ಯಾರೆಂದು ಬಿಡಿಸಿ ಹೇಳಬೇಕಿರಲಿಲ್ಲ. ಪಾಸ್‌ಬುಕ್ಕಿನಲ್ಲಿ ಉಗುರಿನಷ್ಟಕ್ಕೆ ಕುಗ್ಗಿದರೂ, ಬೆವರಿನ ಕೈ ತಾಗಿ ಮಾಸಿದರೂ ನಾಯಿ ನಾಯಿಯೇ.

2020ರ ಏಪ್ರಿಲ್ 1ರಂದು ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಕೆನರಾದ ಹೆಣೆದುಕೊಂಡ ನೀಲಿ, ಹಳದಿ ತ್ರಿಕೋನಗಳು ಚೊಕ್ಕವಾಗಿಯೇ ಇವೆ, ತಕರಾರಿಲ್ಲ. ಆದರೆ ಅವನ್ನು ಸಿಮೆಂಟ್ ಚೀಲಕ್ಕೋ ವಿಮಾ ಕಂಪನಿಗೋ ಅಂಟಿಸಿದರೂ ನಡೆದೀತು.

ಬಿಟ್ಟ ಲಾಂಛನ ಮರಳುವುದೂ ಉಂಟು: ಲಂಡನ್ನಿನ ಫ್ಯಾಷನ್ ಕಂಪನಿ ಬರ್ಬೆರಿ 2018ರಲ್ಲಿ ತನ್ನ ಲಾಂಛನದ ಕುದುರೆ ಸವಾರನನ್ನು ಕೈಬಿಟ್ಟು, ಎಲ್ಲರಂತೆ ಬರೀ ದಪ್ಪಕ್ಷರಕ್ಕೆ ಇಳಿದಿತ್ತು. 2023ರಲ್ಲಿ ಅವನನ್ನೇ ಮರಳಿ ಕರೆಸಿಕೊಂಡಿತು. ಸಿಂಡಿಕೇಟಿನ ನಾಯಿಯನ್ನು ಕರೆಸಲು ಯಜಮಾನನೇ ಇಲ್ಲ. ಹೆಸರು ಮಾತ್ರ ಮಣಿಪಾಲದ ಸಿಂಡಿಕೇಟ್ ಸರ್ಕಲ್ಲಿನಲ್ಲಿ, ಬಸ್ ಕಂಡಕ್ಟರುಗಳ ಬಾಯಲ್ಲಿ ಗಟ್ಟಿಯಾಗಿದೆ.